ಕೆಂಪು ಬಟ್ಟೆ ಕಟ್ಟಿದ ಕುರಿಗಳು

ನನ್ನ ಮೊಮ್ಮಗಳ ಪುಸ್ತಕ ಪಾಸಾಯಿತು. ಮಾಂಸಕ್ಕೆಂದು ದನ, ಕುರಿ ಸಾಕುವವರು ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮಗಳ ಪುಸ್ತಕ ಅದು. ಎಂಟೇ ಪುಟ. ಇವತ್ತು ಮಧ್ಯಾಹ್ನ ಅಬುಧಾಬಿಯ ಸಭೆಯಲ್ಲಿ ಫಾರ್ಮಿನ ಮಾಲೀಕರೆಲ್ಲ ಒಪ್ಪಿದರಂತೆ. ಅವಳು ಫೋನ್ ಮಾಡಿದಾಗ ನಾನು ದುಬೈಯ ಅಲ್ ಕುಸೈಸಿನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಹಾಲು ತರಲು ಹೋಗಿದ್ದೆ. ಸಿಕ್ಕಿದವರಿಗೆಲ್ಲ ಹೇಳಿದೆ. ವಾಚ್‌ಮನ್‌ಗೆ ಎರಡು ಸಲ ಹೇಳಿದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಮೊಮ್ಮಗಳು ಬರೆದ ನಿಯಮ... ಹೇಳದೆ ಇರಲಿಕ್ಕೆ ನನ್ನಿಂದಾಗದು. ಹಾಲು ಮಾತ್ರ ಅಂಗಡಿಯಲ್ಲೇ ಉಳಿಯಿತು.

ಸಂಜೆ ಮನೆಗೆ ಬಂದವಳು ಬ್ಯಾಗಿನಿಂದ ಒಂದು ಕೆಂಪು ಪಟ್ಟಿ ತೆಗೆದು ನನ್ನ ಕೈಯಲ್ಲಿಟ್ಟಳು. ಪರೀಕ್ಷೆಗೆಂದು ಯಾವುದೋ ಕುರಿಯ ಕುತ್ತಿಗೆಯಲ್ಲಿ ಇದ್ದು ಬಂದದ್ದು. ಮೂಗಿಗೆ ಹಿಡಿದೆ. ಉಣ್ಣೆಯ ಜಿಡ್ಡು, ಒಣಹುಲ್ಲು, ಮರಳು... ಚಾಚಾ ಬಂದು ಪಕ್ಕದಲ್ಲಿ ಕೂತ ಹಾಗಾಯಿತು.

ಚಾಚಾ ನನಗೆ ಸಂಬಂಧಿಕರಲ್ಲ. ಆಗ ನಾನು ಕುಂದಾಪುರದ ಕಡೆಯಿಂದ ಹೊಸದಾಗಿ ಬಂದು, ಅಬುಧಾಬಿಯ ಮುಸಫ್ಫಾದ ರೂಮಿನಲ್ಲಿ ಇದ್ದುಕೊಂಡು ಪಿಕಪ್ ಓಡಿಸುತ್ತಿದ್ದೆ. ಅಲ್ ಐನ್ ರಸ್ತೆಯ ಆಚೆ ಮರಳಿನ ನಡುವೆ ತಗಡಿನ ಕೊಟ್ಟಿಗೆಗಳ ಸಾಲು. ಅಂಥದ್ದಕ್ಕೆ ಇಲ್ಲಿ ಇಜ್ಬಾ ಎನ್ನುತ್ತಾರೆ. ಅಲ್ಲಿಗೆ ಹುಲ್ಲು ಹೊರುವುದು, ಅಲ್ಲಿಂದ ಕುರಿಗಳನ್ನು ಮಾರುಕಟ್ಟೆಗೆ ಒಯ್ಯುವುದು ನನ್ನ ಕೆಲಸ. ಚಾಚಾ ಅಲ್ಲಿಯ ಹಿರಿಯ ಕುರಿಗಾಹಿ, ಬಲೂಚಿಸ್ತಾನದ ಕಡೆಯವರು. ಅವರಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಆದರೆ ಕೆಮ್ಮುವ ಕುರಿಯನ್ನು ಬೆನ್ನು ಹಾಕಿ ಕೂತೇ ಗುರುತಿಸುತ್ತಿದ್ದರು.

ಸೂಜಿಮದ್ದು ಕೊಟ್ಟ ಕುರಿಯ ಕುತ್ತಿಗೆಗೆ ಅವರು ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದರು. ಮದ್ದಿನ ಅಂಶ ಮೈಯಿಂದ ಇಳಿಯುವ ತನಕ ಆ ಕುರಿಯನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ. ದಿನ ತುಂಬಿದ ಮೇಲೆ ತಾವೇ ಬಿಚ್ಚುತ್ತಿದ್ದರು. ಇದು ಕೊಟ್ಟಿಗೆಯ ಕೆಲಸದವರಿಗೆ ಗೊತ್ತು. ನಾನು ಡ್ರೈವರ್. ನನಗೆ ಯಾರೂ ಹೇಳಿರಲಿಲ್ಲ.

ಬಕ್ರೀದಿಗೆ ನಾಲ್ಕು ದಿನ ಇರುವಾಗ ಲೋಡು ತುಂಬಲು ಬೆಳಿಗ್ಗೆಯೇ ಹೋದೆ. ಚಾಚಾ ನಮಾಜಿಗೆ ಕೂತಿದ್ದರು. ನಮ್ಮ ಕಡೆ ದನ ಮಾರುವಾಗ ಕುತ್ತಿಗೆಯ ಹಗ್ಗವನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ. ಹಗ್ಗವೂ ಹೋದರೆ ಹಟ್ಟಿಯ ಭಾಗ್ಯವೇ ಹೊರಟುಹೋಯಿತು ಅಂತ ಲೆಕ್ಕ. ಅರಬಿಯ ಹಟ್ಟಿಗೂ ಒಳ್ಳೆಯದಾಗಲಿ ಎಂದು ಕಂಡ ಕುರಿಗಳ ಬಟ್ಟೆಯನ್ನೆಲ್ಲ ಬಿಚ್ಚಿ ಗೇಟಿನ ಮೊಳೆಗೆ ನೇತುಹಾಕಿದೆ. ಒಂಬತ್ತು ಚೂರು. ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗಿದ್ದೂ ಇತ್ತು.

ಚಾಚಾ ಬಂದರು. ಮೊಳೆಯನ್ನು ನೋಡಿದರು. ಯಾವ ಕುರಿಗಳದ್ದು ಎಂದು ಕೇಳಿದರು. ನನಗೆ ಎಲ್ಲ ಕುರಿಯೂ ಒಂದೇ. ಇನ್ನೂರು ಕುರಿಗಳ ನಡುವೆ ಒಂಬತ್ತು... ಅವರು ಬೈಯಲಿಲ್ಲ. ಗೇಟು ಮುಚ್ಚಿ, ಹುಲ್ಲಿನ ಕಟ್ಟು ಎಳೆದು ತಂದು ಅದಕ್ಕೆ ಅಡ್ಡವಾಗಿ ಕೂತರು.

ಮುದೀರ್, ಅಂದರೆ ಮ್ಯಾನೇಜರ್, ಕಾರಿನಿಂದ ಇಳಿದವನೇ ಕೂಗಾಡಿದ. ಹಬ್ಬದ ವ್ಯಾಪಾರ ಬಿಟ್ಟರೆ ಮಾಲೀಕ ತನ್ನನ್ನು ಬಿಡುತ್ತಾನೆಯೇ ಎಂದ.

"ಮಾಫಿ," ಅಂದರು ಚಾಚಾ. ಅರಬಿಯಲ್ಲಿ 'ಇಲ್ಲ' ಅಂತ. ಉಳಿದದ್ದು ತಮ್ಮ ಹರಕು ಹಿಂದಿಯಲ್ಲಿ: "ಯಾವುದು ಅಂತ ಗೊತ್ತಿಲ್ಲ. ಹಾಗಾಗಿ ಒಂದೂ ಹೋಗಲ್ಲ."

"ಬಟ್ಟೆ ಬಿಚ್ಚಿದ್ದು ಯಾರು?"

"ಕೊಟ್ಟಿಗೆ ನನ್ನದು. ತಪ್ಪು ನನ್ನದು. ಖಲಾಸ್."

ನಾನು ಮೂರು ಮಾರು ದೂರದಲ್ಲಿ ಪಿಕಪ್ಪಿನ ಕೀ ಹಿಡಿದು ನಿಂತಿದ್ದೆ. ವೀಸಾ ಹೊಸತು, ಊರಲ್ಲಿ ಹೆಂಡತಿ ಬಸುರಿ. ಬಾಯಿ ಬಿಡಲಿಲ್ಲ.

ಹಬ್ಬಕ್ಕೆ ಆ ಕೊಟ್ಟಿಗೆಯಿಂದ ಒಂದು ಕುರಿಯೂ ಹೊರಬೀಳಲಿಲ್ಲ. ದಿನ ತುಂಬುವ ತನಕ ಚಾಚಾ ಗೇಟಿನ ಬುಡದಲ್ಲೇ ಮಲಗಿದರು. ಆಮೇಲೆ ಅವರ ವೀಸಾ ರದ್ದು ಮಾಡಿದರು. ಏರ್‌ಪೋರ್ಟಿಗೆ ಬಿಟ್ಟುಬಂದವನು ನಾನೇ. ಇಳಿಯುವಾಗ ನನ್ನ ಹೆಗಲು ತಟ್ಟಿ, "ನಿನಗೆ ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ಅದೇ," ಅಂದರು. ನಾನು ಅವರ ಪೆಟ್ಟಿಗೆ ಎತ್ತಿಕೊಟ್ಟು ಪಿಕಪ್ ತಿರುಗಿಸಿದೆ...

ಈ ನಿಯಮಗಳನ್ನು ಮೊಮ್ಮಗಳ ಆಫೀಸು ಮೊದಲು ಬರೆದದ್ದು ನೂರಾರು ಪುಟ. ಓದಿದವರು ಒಬ್ಬರೂ ಇಲ್ಲ. "ಅಜ್ಜ, ಫಾರ್ಮಲ್ಲಿ ನಿಜಕ್ಕೂ ಏನು ನಡೆಯತ್ತೆ?" ಎಂದು ಅವಳು ಕೇಳಿದಾಗ ಮನೆಯವರೆಲ್ಲರ ಎದುರು ಚಾಚಾರ ಕತೆ ಹೇಳಿದೆ. ಆದರೆ ಬಟ್ಟೆ ಬಿಚ್ಚಿದವನು 'ಯಾರೋ ಹೊಸ ಡ್ರೈವರ್' ಎಂದುಬಿಟ್ಟೆ. ಅವಳ ಕಣ್ಣಲ್ಲಿ ಸಣ್ಣವನಾಗಲು ಮನಸ್ಸು ಬರಲಿಲ್ಲ. ಸಭೆಯಲ್ಲಿ ದೊಡ್ಡ ಸಲಹೆಗಾರರೊಬ್ಬರು, ಬಟ್ಟೆ ಚೂರು ಕಟ್ಟುವುದೂ ಒಂದು ನಿಯಮವೇ ಎಂದು ನಕ್ಕರಂತೆ. "ಸರ್, ನಿಮ್ಮ ಪುಟಗಳನ್ನು ಕುರಿ ಓದಲ್ಲ, ಕುರಿ ಕಾಯೋರೂ ಓದಲ್ಲ. ಕೆಂಪು ಬಣ್ಣ ಎಲ್ಲರಿಗೂ ಕಾಣತ್ತೆ," ಎಂದಳಂತೆ ನಮ್ಮವಳು. ನಗುವವರು ನಗಲಿ. ಸಹಿ ಹಾಕಲು ಬಾರದವರೂ ನಿಯಮ ಮಾಡಬಲ್ಲರು. ಮಾಡಿದ್ದಾರೆ.

ರಾತ್ರಿ ಊಟಕ್ಕೆ ಎಲ್ಲರೂ ನೆಲದ ಮೇಲೇ ಸುತ್ತ ಕೂತೆವು. ಹೆಂಡತಿ ನೀರುದೋಸೆ, ಕುರಿ ಸುಕ್ಕ ಮಾಡಿದ್ದಳು. ಮೊಮ್ಮಗಳು ಓದಿ ಹೇಳಿದಳು: ಗುರುತು ತಪ್ಪಿದರೆ ಇಡೀ ಕೊಟ್ಟಿಗೆಯನ್ನೇ ತಡೆಯಬೇಕು, ಹೊಸಬರಿಗೆ, ಡ್ರೈವರಿಗೂ ಸೇರಿ, ಮೊದಲ ದಿನವೇ ಅವರ ಭಾಷೆಯಲ್ಲಿ ತೋರಿಸಿ ಹೇಳಬೇಕು.

ಮಗ ನಕ್ಕ. "ಆ ಡ್ರೈವರ್ ಎಂತ ಮಂಡೆ ಇಲ್ಲದ ಜನ ಅಪ್ಪಯ್ಯ."

"ಆ ಡ್ರೈವರ್ ನಾನೇ ಮಾರಾಯ," ಅಂದೆ.

ಹೆಂಡತಿಯ ಕೈಯ ಸೌಟು ನಿಂತಿತು. "ಇಷ್ಟು ವರ್ಷ ನಂಗೂ ಹೇಳ್ಲಿಲ್ಲ ಅಲ್ದಾ ನೀವು?"

ಮೊಮ್ಮಗಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಸೋಮವಾರ ಮೊದಲ ಟ್ರೈನಿಂಗ್, ಅಜ್ಜ. ನೀವು ಬಂದು ಇದನ್ನೇ ಹೇಳ್ತೀರಾ? ನಾನು ಬಿಚ್ಚಿದೆ ಅಂತ?"

"ಬರ್ತೇನೆ," ಅಂದೆ. "ಎಷ್ಟು ಜನ ಬೇಕಾದ್ರೂ ಕೂತ್ಕೊಳ್ಳಲಿ."

ಮೊದಲು ಚಾಚಾರ ಎದುರು ಹೇಳಬೇಕಿದ್ದ ಮಾತು ಅದು. ಅವರು ತೀರಿಹೋಗಿ ಬಹಳ ವರ್ಷವಾಯಿತೆಂದು ಅವರ ಊರಿನವನೊಬ್ಬ ಹೇಳಿದ್ದ. ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಮಗ ಸುಕ್ಕದ ಪಾತ್ರೆಯನ್ನು ನನ್ನ ಕಡೆ ಸರಿಸಿದ. ಎಲ್ಲರೂ ಮತ್ತೆ ತಿನ್ನತೊಡಗಿದೆವು.