ಮೂರನೆಯ ಒತ್ತು

ಉಜ್ಜಿನಪ್ಪನ ಬಿಳಿ ಅಂಗಿ, ಬಿಳಿ ಪ್ಯಾಂಟು ಮನೆಯೊಳಗೇ ಒಣಗುತ್ತಿದ್ದವು. ಹೊರಗೆ ಹಗ್ಗಕ್ಕೆ ಹಾಕಿದರೆ ಅದಿರು ಲಾರಿಗಳ ಧೂಳು ಕೂತು ಮಧ್ಯಾಹ್ನದೊಳಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದವು. ಹೊಸಪೇಟೆಯ ಆ ಓಣಿಯಲ್ಲಿ ಯಾರ ಬಟ್ಟೆಯೂ ಬಿಳಿಯಾಗಿ ಉಳಿದಿರಲಿಲ್ಲ. ಆದರೆ ಬಾಕ್ಸಿಂಗ್ ರೆಫರಿಯ ಬಟ್ಟೆಯಲ್ಲಿ ಕಲೆ ಇರಕೂಡದು. ಹಾಗಾಗಿ ಹೆಂಡತಿ ಅಕ್ಕನಾಗಮ್ಮ ನಡುಮನೆಯಲ್ಲಿ ತಂತಿ ಬಿಗಿದು, ಕಿಟಕಿ ಮುಚ್ಚಿ, ಫ್ಯಾನು ಹಾಕಿ ಒಣಗಿಸುತ್ತಿದ್ದಳು.

ಆ ಬಟ್ಟೆ ತೊಟ್ಟು, ಕೊರಳಿಗೆ ಕರಿ ಬೋ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟರೆ ಚಹಾದಂಗಡಿಯ ಕೊಟ್ರಯ್ಯ ಸುಮ್ಮನೆ ಬಿಡುತ್ತಿರಲಿಲ್ಲ.

"ಏನ್ ಬ್ಯಾಂಡ್ ಮಾಸ್ತರ, ಇವತ್ತು ಯಾರ ಮದುವಿ?"

"ನಿಂದ ಲೇ. ಹೆಣ್ಣು ಒಪ್ಪವಲ್ದು, ಅದಕ್ಕ ತಡ ಆಗೇತಿ."

ಹೊಟ್ಟೆಪಾಡಿಗೆ ಅವನು ಹಂಪಿಯಲ್ಲಿ ಪ್ರವಾಸಿಗರಿಗೆ ಸೈಕಲ್ ಬಾಡಿಗೆ ಕೊಡುತ್ತಿದ್ದ. ಬಾಕ್ಸಿಂಗ್ ಭಾನುವಾರದ ಕೆಲಸ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತಾನೇ ಆಡುತ್ತಿದ್ದಾಗ ದವಡೆ ಮುರಿದಿತ್ತು. ಆ ದಿನದ ರೆಫರಿ ಮನಸ್ಸು ಮಾಡಿದ್ದರೆ ಮೂರು ಏಟು ಮೊದಲೇ ಪಂದ್ಯ ನಿಲ್ಲಿಸಬಹುದಿತ್ತು. ಆಸ್ಪತ್ರೆಯಿಂದ ಬಂದವನೇ ಉಜ್ಜಿನಪ್ಪ ರೆಫರಿ ಪರೀಕ್ಷೆಗೆ ಕೂತ. ಅಲ್ಲಿಂದಾಚೆಗೆ ಬಳ್ಳಾರಿ, ಧಾರವಾಡ, ದಾವಣಗೆರೆ ಎಂದು ಕರೆದಲ್ಲಿಗೆ ಹೋದ. ಕೆಲವು ಪಂದ್ಯಗಳಿಗೆ ರೆಫರಿ, ಕೆಲವಕ್ಕೆ ಜಡ್ಜ್. ಉಜ್ಜಿನಪ್ಪ ಕೂತಿದ್ದರೆ ಬಿದ್ದ ಏಟು ಬಿದ್ದದ್ದೇ ಎಂದು ಹುಡುಗರು ಹೇಳುತ್ತಿದ್ದರು.

ಅವನಿಗೆ ಬೇಕಾಗಿದ್ದದ್ದು ಒಂದು ಬ್ಯಾಡ್ಜ್. ರಾಷ್ಟ್ರೀಯ ದರ್ಜೆಯ ಜಡ್ಜ್‌ಗಳು ಜೇಬಿನ ಮೇಲೆ ಧರಿಸುವಂಥದ್ದು. ಎರಡು ಸಲ ಕೈತಪ್ಪಿತ್ತು. ಐವತ್ತು ದಾಟಿದವರನ್ನು ತೆಗೆದುಕೊಳ್ಳುತ್ತಿರಲಿಲ್ಲ. 2005ರಲ್ಲಿ ಗಣಿ ಮಾಲೀಕರೊಬ್ಬರು ಸಂಡೂರಿನಲ್ಲಿ ಟೂರ್ನಿ ನಡೆಸಿದಾಗ ಅವನಿಗೆ ನಲವತ್ತೊಂಬತ್ತು ತುಂಬಿ ಏಳು ತಿಂಗಳಾಗಿತ್ತು.

ಆಗ ಪಾಯಿಂಟು ಕೊಡುತ್ತಿದ್ದದ್ದು ಯಂತ್ರ. ಐದು ಜನ ಜಡ್ಜ್‌ಗಳು, ಒಬ್ಬೊಬ್ಬರ ಮುಂದೆ ಕೆಂಪು, ನೀಲಿ ಎರಡು ಗುಂಡಿ. ಏಟು ಬಿದ್ದ ಒಂದು ಸೆಕೆಂಡಿನೊಳಗೆ ಮೂವರು ಒಂದೇ ಗುಂಡಿ ಒತ್ತಿದರೆ ಪಾಯಿಂಟು. ಇಬ್ಬರೇ ಒತ್ತಿದರೆ ಏಟು ಬಿದ್ದೇ ಇಲ್ಲ. ಯಾರು ಯಾವಾಗ ಒತ್ತಿದರೆಂಬುದು ಪಂದ್ಯ ಮುಗಿದ ಮೇಲೆ ಚೀಟಿಯಲ್ಲಿ ಅಚ್ಚಾಗಿ ಬರುತ್ತಿತ್ತು.

ಫೈನಲ್‌ಗೆ ಮೊದಲು, ಬ್ಯಾಡ್ಜಿಗಾಗಿ ಅವನನ್ನು ಪರೀಕ್ಷಿಸಲು ಬಂದಿದ್ದ ಬೆಂಗಳೂರಿನ ಪರೀಕ್ಷಕರು ಅವನ ಹೆಗಲ ಮೇಲೆ ಕೈಯಿಟ್ಟರು.

"ಉಜ್ಜಿನಪ್ಪನವರೇ, ಎರಡು ದಿನ ಚೆನ್ನಾಗೇ ಒತ್ತಿದೀರ. ಇದೊಂದು ಚೀಟಿ ಉಳಿದವರ ಜೊತೆ ಹೊಂದಿಬಿಟ್ರೆ ಬ್ಯಾಡ್ಜ್ ನಿಮ್ದೇ."

ಕೆಂಪು ಮೂಲೆಯಲ್ಲಿ ಮಾಲೀಕರ ತಮ್ಮನ ಮಗ. ನೀಲಿಯಲ್ಲಿ ಮೌನೇಶ್, ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವವನು. ಮೌನೇಶ್ ಎಡಗೈಯನ್ನು ತೊಡೆಯ ಹತ್ತಿರ ಇಳಿಬಿಟ್ಟು ಆಡುತ್ತಿದ್ದ. ಅದು ಅಲ್ಲಿಂದ ಮೇಲೆದ್ದು ಪಕ್ಕೆಗೆ ಬರುವುದು ಎದುರಿನವನಿಗೆ ಕಾಣುತ್ತಿರಲಿಲ್ಲ. ಉಜ್ಜಿನಪ್ಪನಿಗೆ ಕಾಣುತ್ತಿತ್ತು. ಮೊದಲ ಸುತ್ತಿನಲ್ಲೇ ನಾಲ್ಕು ಸಲ ನೀಲಿ ಒತ್ತಿದ. ಬೋರ್ಡಿನಲ್ಲಿ ಬಂದದ್ದು ಎರಡು. ಎರಡನೆಯ ಸುತ್ತಿನಲ್ಲೂ ಹಾಗೇ. ಉಳಿದ ನಾಲ್ವರು ಹಿಂದಿನ ದಿನದಿಂದ ಮಾಲೀಕರ ಗೆಸ್ಟ್ ಹೌಸಿನಲ್ಲಿದ್ದರು. ಅವನೊಬ್ಬ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಅದರ ಅರ್ಥ ಅವನಿಗೆ ಹೊಳೆದದ್ದು ಆಗ.

ಆದರೂ ಮೌನೇಶ್ ಬಿಡಲಿಲ್ಲ. ಮೂರು ಸುತ್ತು ಮುಗಿದಾಗ ಆರು-ಆರು. ಕೊನೆಯ ಸುತ್ತಿಗೆ ಮೊದಲು ಪರೀಕ್ಷಕರು ಹಿಂದಿನಿಂದ ಹಾದುಹೋಗುತ್ತ ಬಗ್ಗಿದರು.

"ನಿಮ್ಮ ಚೀಟಿ ಒಂಟಿ ಆಗ್ತಾ ಇದೆ."

ಆ ಸುತ್ತಿನಲ್ಲಿ ನೀಲಿ ಏಟು ಎರಡು ಬಿದ್ದವು. ಅವನು ಎರಡೂ ಸಲ ಒತ್ತಿದ. ಬೋರ್ಡು ಅಲುಗಲಿಲ್ಲ. ಗಂಟೆಗೆ ಹತ್ತು ಸೆಕೆಂಡಿರುವಾಗ ಕೆಂಪಿನವನು ಬೀಸಿದ ಬಲಗೈ ಮೌನೇಶನ ಮೊಣಕೈಗೆ ತಾಗಿತು. ಮೊಣಕೈಗೆ ಬಿದ್ದದ್ದಕ್ಕೆ ಪಾಯಿಂಟಿಲ್ಲ. ಉಜ್ಜಿನಪ್ಪ ಅದನ್ನು ಸ್ಪಷ್ಟವಾಗಿ ಕಂಡ. ಕಂಡು, ಕೆಂಪು ಒತ್ತಿದ.

ಏಳು-ಆರು. ಗಂಟೆ ಹೊಡೆಯಿತು.

ಪರೀಕ್ಷಕರು ಚೀಟಿ ತೋರಿಸಿದರು. ಕೊನೆಯ ಪಾಯಿಂಟಿನ ಎದುರು ಮೂರು ಗುರುತು: ಒಂದನೆಯ ಜಡ್ಜ್, ಮೂರನೆಯವನು, ಅವನು. ಸಮವಾಗಿದ್ದರೆ ಐವರ ಎಲ್ಲ ಒತ್ತುಗಳನ್ನೂ ಕೂಡಿಸಬೇಕಿತ್ತು. ಅಲ್ಲಿ ನೀಲಿ ಮುಂದಿತ್ತು.

"ಅಂಚಿಗೆ ಬಂದು ಪಾಸಾದ್ರಿ," ಎಂದರು ಅವರು. "ಕೊನೆಗಾದ್ರೂ ಕೈ ಕೂಡ್ತಲ್ಲ."

ಹೊರಗೆ ಬೇವಿನ ಮರದ ಬಳಿ ಮೌನೇಶ್ ಕಾಯುತ್ತಿದ್ದ. ತುಟಿ ಊದಿತ್ತು.

"ಸರ, ನೀವ್ ಕುಂತಿದ್ದು ನೋಡಿ ಧೈರ್ಯ ಬಂದಿತ್ರಿ. ನೀವ್ ಇದ್ದೂ ಸೋತೆ ಅಂದ್ರ ನಂದ ತಪ್ಪಿರಬೇಕು. ಎಲ್ಲಿ ತಪ್ಪಿದೆ ಹೇಳ್ರಿ, ತಿದ್ಕೊಂತೀನಿ."

ಉಜ್ಜಿನಪ್ಪ ರಸ್ತೆಯ ಲಾರಿಗಳನ್ನು ನೋಡಿದ. ಏನಾದರೂ ಹೇಳಬೇಕಿತ್ತು.

"ಎಡಗೈ," ಎಂದ. "ಎಡಗೈ ಭಾಳ ಕೆಳಗ ಬಿಡ್ತಿ. ಮ್ಯಾಲ ಹಿಡಿ."

"ಹಂಗಂತೀರಿ? ಆತ್ರಿ ಸರ." ಹುಡುಗ ಬಾಗಿ ಅವನ ಕಾಲು ಮುಟ್ಟಿದ.

ಬ್ಯಾಡ್ಜ್ ಏಪ್ರಿಲ್‌ನಲ್ಲಿ ಟಪಾಲಿನಲ್ಲಿ ಬಂತು. ಅಕ್ಕನಾಗಮ್ಮ ಅದನ್ನು ಜೇಬಿನ ಮೇಲೆ ಹೊಲಿದಳು. ಮರುವರ್ಷ ಬಳ್ಳಾರಿಯ ಟೂರ್ನಿಗೆ ಅವನು ಅದನ್ನೇ ತೊಟ್ಟು ಹೋದ. ಅಲ್ಲಿ ಯಾರ ಗೆಸ್ಟ್ ಹೌಸೂ ಇರಲಿಲ್ಲ, ಜಡ್ಜ್‌ಗಳೆಲ್ಲ ನೇರ ಜನ. ಮೊದಲ ದಿನವೇ ಮೌನೇಶನ ಪಂದ್ಯ, ಮತ್ತೆ ನೀಲಿ ಮೂಲೆಯಲ್ಲಿ. ಅವನು ಎಡಗೈಯನ್ನು ಗಲ್ಲದ ಪಕ್ಕ ಎತ್ತಿ ಹಿಡಿದಿದ್ದ. ವರ್ಷವಿಡೀ, ದಿನದ ಮೂಟೆ ಇಳಿಸಿದ ಮೇಲೆ ಅದನ್ನೇ ಅಭ್ಯಾಸ ಮಾಡಿದ್ದನಂತೆ. ಆ ಕೈಯಿಂದ ಒಂದು ಏಟೂ ಹೊರಡಲಿಲ್ಲ, ಅದಿಲ್ಲದೆ ಬಲಗೈಯೂ ಗುರಿ ಮುಟ್ಟಲಿಲ್ಲ. ಉಜ್ಜಿನಪ್ಪ ಹೆಬ್ಬೆರಳನ್ನು ನೀಲಿ ಗುಂಡಿಯ ಮೇಲಿಟ್ಟು ನಾಲ್ಕು ಸುತ್ತು ಕಾದ. ಒತ್ತಲು ಏನೂ ಸಿಗಲಿಲ್ಲ. ಹದಿನಾಲ್ಕು-ಸೊನ್ನೆ. ಇಳಿದುಹೋಗುವಾಗ ಮೌನೇಶ್ ಅವನತ್ತ ತಿರುಗಿ, ಕೈ ಇನ್ನೂ ಮೇಲೆಯೇ ಇದೆ ಎಂಬಂತೆ ಎಡ ಮುಷ್ಟಿಯನ್ನು ಗಲ್ಲಕ್ಕೆ ತಾಗಿಸಿ ತೋರಿಸಿದ. ಆಮೇಲೆ ಹುಡುಗ ಮತ್ತೆಂದೂ ರಿಂಗಿಗೆ ಬರಲಿಲ್ಲ.

ಮರುದಿನದ ಪಂದ್ಯಗಳಿಗೆ ಉಜ್ಜಿನಪ್ಪನೂ ನಿಲ್ಲಲಿಲ್ಲ. ಮನೆಗೆ ಬಂದು ಬಟ್ಟೆ ಬಿಚ್ಚಿಟ್ಟ. ಅಕ್ಕನಾಗಮ್ಮ ಒಗೆದು, ಹಿಂಡಿ, ಕಿಟಕಿ ಮುಚ್ಚಲು ಹೋದಳು.

"ಮುಚ್ಚಬ್ಯಾಡ," ಎಂದ. "ಹೊರಗ ಹಾಕು."

"ಹೊರಗ? ಧೂಳ್ರೀ, ಕೆಂಪಗಾಗ್ತಾವು."

"ಆಗ್ಲಿ."

ಅವಳು ಅಂಗಿಯನ್ನು ಹೊರಗಿನ ಹಗ್ಗಕ್ಕೆ ಹಾಕಿ ಬಂದಳು. ರಸ್ತೆಯಲ್ಲಿ ಲಾರಿಗಳ ಸಾಲು ಸಂಡೂರಿನ ಕಡೆಯಿಂದ ಬರುತ್ತಲೇ ಇತ್ತು.