ನನ್ನ ಅಳತೆಯ ಮೇಜು

ಮೊನ್ನೆ ಕೊಟ್ಟೂರಿನಲ್ಲಿ ಜಂಪರಿಗೆ ಅಳತೆ ಕೊಡಲು ಹೋಗಿದ್ದೆ. ಹೊಲಿಯುವಾಕೆ ಟೇಪನ್ನು ಭುಜದಿಂದ ಮೊಣಕೈವರೆಗೆ ಇಳಿಬಿಟ್ಟಳು. ಅದು ತಣ್ಣಗೆ ತಾಗಿದ್ದೇ ಎದುರು ಮನೆಯ ಅಕ್ಕ ನೆನಪಾದಳು... ನನ್ನನ್ನು ಕಂಡರೆ ಉರಿದು ಬೀಳುತ್ತಿದ್ದ ಅಕ್ಕ.

ಮೊದಲು ಹಾಗಿರಲಿಲ್ಲ. ತಂಬ್ರಹಳ್ಳಿಯಿಂದ ಹಗರಿಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಇಬ್ಬರೂ ಒಂದೇ ಆಟೋದಲ್ಲಿ ಹೋಗುತ್ತಿದ್ದೆವು. ಹೊಲಿದ ಅಂಗಿಗಳಲ್ಲಿ ಉಳಿದ ದಾರ ಕತ್ತರಿಸುವುದು ನಮ್ಮ ಕೆಲಸ. ನಿಂತು ಮಾಡಲು ಹೊಸ ಮೇಜು ಮಾಡಿಸಬೇಕೆಂದು ಒಂದು ದಿನ ಮ್ಯಾನೇಜರ್ ಟೇಪು ಹಿಡಿದು ಬಂದ. ಬಾಗಿಲ ಬಳಿ ನಿಂತಿದ್ದ ನನ್ನದೂ ಇನ್ನಿಬ್ಬರದೂ ಮೊಣಕೈ ಎತ್ತರ ನೋಡಿಕೊಂಡು ಹೋದ. ಮೂವರೂ ಉದ್ದನೆಯವರೇ.

ಮೇಜುಗಳು ಬಂದವು. ನನಗೆ ಹೇಳಿ ಮಾಡಿಸಿದ ಹಾಗಿದ್ದವು. ಗಿಡ್ಡಗಿದ್ದ ಅಕ್ಕನಿಗೆ ಎದೆಮಟ್ಟ. ದಿನವಿಡೀ ಭುಜ ಎತ್ತಿಕೊಂಡೇ ಕತ್ತರಿ ಆಡಿಸಬೇಕು.

“ನಿನ್ನ ಮೈಗೆ ಮಾಡಿಸ್ಯಾರ. ನಾವೇನ್ ಕಾಲು ಬೆಳಸ್ಕೊಂಡು ಬರಬೇಕೇನ್ಲೇ?” ಎಂದಳು.

ನಾನು ಮ್ಯಾನೇಜರನ ಹತ್ತಿರ ಹೋಗಿ, “ಸರ್, ಎಲ್ಲಾರ ಅಳತಿ ತಗೋರಿ” ಎಂದೆ.

“ಮೂರು ಮಂದೀದು ಸರಾಸರಿ ಹಿಡ್ದೀವಿ. ಒಬ್ಬೊಬ್ರಿಗೆ ಒಂದೊಂದು ಟೇಬಲ್ ಮಾಡ್ಸಾಕ ಆಗಲ್ಲ” ಎಂದ.

ಅಕ್ಕ ಮನೆಯಿಂದ ಹಲಗೆ ತಂದು ಅದರ ಮೇಲೆ ನಿಂತಳು. ಯಾರಾದರೂ ಎಡವಿಯಾರೆಂದು ಅವನು ಅದನ್ನೂ ಹೊರಗೆ ಹಾಕಿಸಿದ. ನಾನೇ ಚಾಡಿ ಹೇಳಿದೆನೆಂದು ಅಕ್ಕ ನಂಬಿದಳು. ಆಟೋದಲ್ಲಿ ನನ್ನ ಪಕ್ಕ ಕೂರುವುದು ಬಿಟ್ಟಳು. ಓಣಿಯಲ್ಲಿ ನನ್ನನ್ನು ಮ್ಯಾನೇಜರನ ಚೇಲಾ ಎಂದಳು. ನಾನೂ ಸುಮ್ಮನಿರಲಿಲ್ಲ. “ನೀ ಗಿಡ್ಡಕ ಹುಟ್ಟಿದ್ದು ನನ್ನ ತಪ್ಪೇನು?” ಎಂದು ನಳದ ಹತ್ತಿರ ಎಲ್ಲರೆದುರು ಕೇಳಿದೆ. ಅವಳು ಕೊಡವನ್ನು ಅಲ್ಲೇ ಬಿಟ್ಟು ಹೋದಳು.

ಕೆಲವು ತಿಂಗಳಲ್ಲಿ ಅವಳ ಬಲಗೈ ಮೇಲೇಳದಾಯಿತು. ತಲೆ ಬಾಚಿಕೊಳ್ಳಲು ಒದ್ದಾಡುವುದು ನಮ್ಮ ಕಟ್ಟೆಗೆ ಕಾಣುತ್ತಿತ್ತು. ನೋಡಲಾರದೆ ಹೋಗಿ ಹಣಿಗೆ ತೆಗೆದುಕೊಂಡೆ. ಕಿತ್ತುಕೊಂಡು ಅಂಗಳಕ್ಕೆ ಎಸೆದಳು.

“ಮುಟ್ಟಬ್ಯಾಡ ನನ್ನ. ಹೋಗು, ನಿನ್ನ ಟೇಬಲ್ ಮುಂದ ನಿಂದ್ರು.”

ಆಮೇಲೆ ಕೆಲಸ ಬಿಟ್ಟು ಇಟ್ಟಿಗಿ ಊರಿನಲ್ಲಿದ್ದ ಮಗಳ ಮನೆಗೆ ಹೋದಳು. ಹೊಸದಾಗಿ ಬಂದ ಮ್ಯಾನೇಜರ್ ಎಲ್ಲರ ಅಳತೆ ತೆಗೆಸಿ, ಏರಿಸಿ ಇಳಿಸುವ ಮೇಜು ತರಿಸಿದ. ಹೇಳೋಣವೆಂದು ಫೋನ್ ಮಾಡಿದರೆ, ಅಕ್ಕ ನನ್ನ ದನಿ ಕೇಳಿ ಕಟ್ ಮಾಡಿದಳು.

ಹೋದ ವರ್ಷ ತೀರಿಕೊಂಡಳು. ಸುದ್ದಿ ಕೇಳಿ ಇಟ್ಟಿಗಿಗೆ ಹೋದೆ. ಮಗಳು ಬಾಗಿಲಲ್ಲೇ ತಡೆದು ದನಿ ತಗ್ಗಿಸಿದಳು.

“ನೀವು ಬಂದ್ರ ಒಳಗ ಬಿಡಬ್ಯಾಡ ಅಂದಿದ್ಲು ಅವ್ವ. ತಪ್ಪು ತಿಳ್ಕಾಬ್ಯಾಡ್ರಿ, ಚಿಗವ್ವ.”

ಹೆಣ ಎತ್ತುವ ತನಕ ಬೀದಿಯಲ್ಲೇ ನಿಂತಿದ್ದು ಬಂದೆ. ಸಿಟ್ಟು ಬಂದಿತ್ತು. ಸತ್ತವಳ ಮೇಲೂ ಬಂದಿತ್ತು...

ಈಗ ಎದುರು ಮನೆಯಲ್ಲಿ ಬೇರೆಯವರಿದ್ದಾರೆ. ಒಳ್ಳೆಯ ಜನ. ಬೆಳಿಗ್ಗೆ ಬಾಗಿಲು ತೆರೆದರೆ ನಗುತ್ತಾರೆ. ನನಗೆ ಮಾತ್ರ ಆ ಸಿಡುಕು ಮುಖವೇ ಬೇಕೆನ್ನಿಸುತ್ತದೆ.