ಸೊಣ್ಣಪ್ಪ ಸವೆಸಿದ ಕಚ್ಚು

ಅಕ್ಕಿಪೇಟೆಯ ಸಂದಿಯೊಂದರಲ್ಲಿ ನಲವತ್ತು ವರ್ಷ ಕೋವಿ ರಿಪೇರಿ ಮಾಡಿದ ಸೊಣ್ಣಪ್ಪನಿಗೆ ಇದ್ದದ್ದು ಒಂದೇ ಜಂಬ: ತನ್ನ ಕೈಯಲ್ಲಿ ಯಾವ ಕೋವಿಯೂ ಕೆಟ್ಟಿಲ್ಲ. ಹೆಂಡತಿ ಮಾರಕ್ಕ ಮಾತ್ರ, "ಕಬ್ಬಿಣದ ಜೊತೆ ಮಾತಾಡ್ತೀರ, ಮನುಷ್ಯರ ಜೊತೆ ಆಡಲ್ಲ" ಎಂದು ಛೇಡಿಸುತ್ತಿದ್ದಳು. ಅದೇನೂ ಸುಳ್ಳಲ್ಲ.

೧೯೭೯ರ ಶ್ರಾವಣದಲ್ಲಿ ಗವಿಪುರದ ಗಂಗರತ್ನಮ್ಮ ಗೋಣಿಚೀಲದಲ್ಲಿ ಸುತ್ತಿದ ಹಳೇ ಜೋಡುನಳಿಗೆ ಕೋವಿಯನ್ನು ತಂದು ಅವನ ಮುಂದಿಟ್ಟಳು. ಅವಳ ಗಂಡ ಮರಿಯಣ್ಣ ಅಂಗಡಿಯ ಹಳೆಯ ಗಿರಾಕಿ. ಎರಡು ತಿಂಗಳ ಹಿಂದೆ ಇದೇ ಕೋವಿಯಿಂದ ಸತ್ತಿದ್ದ. ಒರೆಸುವಾಗ ಹಾರಿತೆಂದು ಪೊಲೀಸರು ಬರೆದುಕೊಂಡು ಹೋದರು. ಬೇಕೆಂದೇ ಹಾರಿಸಿಕೊಂಡನೆಂದು ಬೀದಿ ಆಡಿಕೊಂಡಿತು.

"ಇದನ್ನ ಮಾಡಿದೋರು ಯಾರು ಅಂತ ನೋಡಿ ಹೇಳಿ, ಅಣ್ಣ. ತಾನಾಗೇ ಹಾರ್ತಾ ಅಂತಾನೂ ನೋಡಿ. ನಮ್ಮ ಮೈದ್ನ ಬೇರೆ ಅಂಗ್ಡೀಲೂ ತೋರಿಸ್ತಾನಂತೆ. ತಾನಾಗೇ ಹಾರಿದ್ರೆ ಮಾಡಿದೋನಿಗೆ ಶಾಪ ಹಾಕ್ತೀನಿ. ಇಲ್ಲಾಂದ್ರೆ..." ಗೋಣಿಚೀಲ ಮಡಚಿಕೊಂಡು ಹೊರಟಳು.

ಸೊಣ್ಣಪ್ಪ ನಳಿಗೆ ಕಳಚಿ, ಅಡಿಯ ಮರ ಬಿಚ್ಚಿ, ಸೀಮೆಎಣ್ಣೆ ಹಾಕಿ ಉಜ್ಜಿದ. ನೂರು ವರ್ಷದ ಜಿಡ್ಡಿನ ಕೆಳಗಿಂದ ಅಕ್ಷರ ಎದ್ದವು: ಎಡ್ವಿನ್ ಹಾರ್ಲೋ, ಬರ್ಮಿಂಗ್‌ಹ್ಯಾಮ್. ಆಮೇಲೆ ಒಳಗಿನ ಲಾಕು ತೆಗೆದ. ತೋಟಾಕ್ಕೆ ಬಡಿಯುವ ಸುತ್ತಿಗೆಯನ್ನು ಕಸುಬಿನವರು ಕುದುರೆ ಅನ್ನುತ್ತಾರೆ. ಆ ಕುದುರೆಯನ್ನು ಹಿಡಿದು ನಿಲ್ಲಿಸುವ ಕಚ್ಚು ಸವೆದರೆ ಕೋವಿ ತಾನಾಗೇ ಹಾರುತ್ತದೆ. ಇದರ ಕಚ್ಚು ನಿನ್ನೆ ಕೊರೆದಷ್ಟು ಚೂಪಾಗಿತ್ತು. ಖಾಲಿ ಕೋವಿಯ ಕುದುರೆ ಎತ್ತಿ ಕೊಡತಿಯಿಂದ ಕುಟ್ಟಿದ, ನೆಲಕ್ಕೆ ಕುಕ್ಕಿದ. ಕುದುರೆ ಬೀಳಲಿಲ್ಲ. ಬೀಳಲಿ, ಬೀಳಲಿ ಎಂದು ಬೇಡಿಕೊಳ್ಳುತ್ತಾ ಇಪ್ಪತ್ತು ಸಲ ಕುಟ್ಟಿದ. ಹಾರ್ಲೋ ಮಹಾರಾಯ ಅಷ್ಟು ಚೆನ್ನಾಗಿ ಮಾಡಿದ್ದ.

ಬೀದಿ ಆಡಿಕೊಂಡದ್ದೇ ನಿಜವೆಂದು ಗೊತ್ತಾಗಿ ಸೊಣ್ಣಪ್ಪ ಕೊಡತಿ ಕೆಳಗಿಟ್ಟ. ಸಾಯುವ ಹಿಂದಿನ ದಿನ ಮರಿಯಣ್ಣ ಅಂಗಡಿಗೆ ಬಂದಿದ್ದ. ಏನು ಕೆಲಸವೆಂದು ಕೇಳಿದರೆ, "ಸುಮ್ನೆ ಬಂದೆ ಕಣಣ್ಣ, ಒಂದು ಗಳಿಗೆ ಮಾತಾಡಣ ಅಂತ" ಅಂದಿದ್ದ. "ನಾಳೆ ಬಾರಯ್ಯ, ಕೈತುಂಬ ಕೆಲ್ಸ ಐತೆ" ಎಂದು ಇವನೇ ಕಳಿಸಿದ್ದ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ ದೊಡ್ಡವರು. ಸತ್ತವನಿಗೆ ಎಷ್ಟು ಸುಳ್ಳು ಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಸೊಣ್ಣಪ್ಪ ಅರ ತೆಗೆದುಕೊಂಡ. ಮತ್ತೆ ಮತ್ತೆ ಕಣ್ಣೊರೆಸಿಕೊಂಡು ಆ ಕಚ್ಚನ್ನು ಸವೆಸಿದ. ಹೊಸ ಹೊಳಪು ಕಾಣದಂತೆ ಎಣ್ಣೆಮಸಿ ಬಳಿದ.

ಮೂರನೇ ದಿನ ಗಂಗರತ್ನಮ್ಮ ಬಂದಳು.

"ಮಾಡಿದೋನು ಇಂಗ್ಲೆಂಡಿನೋನು ತಾಯಿ, ಅವನ ತಪ್ಪಿಲ್ಲ. ಎರಡು ವರ್ಷದ ಹಿಂದೆ ಸ್ಪ್ರಿಂಗ್ ಹಾಕೋವಾಗ ನಾನೇ ಅರ ಜಾಸ್ತಿ ಆಡಿಸ್ಬಿಟ್ಟಿದ್ದೆ. ನೋಡಿ." ಖಾಲಿ ಕೋವಿಯ ಕುದುರೆ ಎತ್ತಿ ಬೆರಳಿನಿಂದ ತಟ್ಟಿದ. ಅದು ಟಪ್ಪೆಂದು ಬಿತ್ತು.

"ಅಂದ್ರೆ ಅವ್ರು ನಮ್ಮನ್ನ ಬೇಡ ಅಂತ ಹೋಗ್ಲಿಲ್ಲ."

"ಇಲ್ಲ ತಾಯಿ. ನನ್ನಿಂದ ಹೋದ್ರು."

ಅವಳು ಮೆಟ್ಟಿಲ ಮೇಲೆ ಕುಸಿದು, ಎರಡು ತಿಂಗಳು ಕಟ್ಟಿಹೋಗಿದ್ದ ಅಳುವನ್ನೆಲ್ಲ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನಿನ್ನ ಕೈ ಸೇದೋಗ" ಅಂದಳು. ಅಣ್ಣ ಅನ್ನಲಿಲ್ಲ.

ಸುದ್ದಿ ಹಬ್ಬಿತು. ಆಮೇಲೆ ಅವನಲ್ಲಿಗೆ ಕೋವಿಗಳು ಬರಲಿಲ್ಲ. ಕತ್ತರಿ, ಈಳಿಗೆಮಣೆ ಸಾಣೆ ಹಿಡಿದು ಏಳು ವರ್ಷ ಬದುಕಿದ. ಮಾರಕ್ಕನಿಗೂ ನಿಜ ಹೇಳಲಿಲ್ಲ. ಪೇಟೆಯಲ್ಲಿ ಎದುರಾದರೆ ಗಂಗರತ್ನಮ್ಮ ತಲೆಯೆತ್ತಿ, "ನಮ್ಮೋರ ಜೀವ ತೆಗೆದೋನು ಇವನೇ" ಎಂದು ಜೊತೆಯವರಿಗೆ ತೋರಿಸುತ್ತಿದ್ದಳು. ಅವರೆಲ್ಲ ನೋಡಿ ಮುಗಿಸುವ ತನಕ ಸೊಣ್ಣಪ್ಪ ಅಲ್ಲೇ ನಿಂತಿರುತ್ತಿದ್ದ.